ಬೇಯಾಳ ಮರದ ಮೊಗ್ಗು

ಬೇಯಾಳ ಕಹಿಕಿತ್ತಳೆ ಮರದ ಬೇರು ಕಡಿದುಹೋದದ್ದು ನಮ್ಮ ಮನೆಯ ಚರಂಡಿಯಿಂದ. ಬೇಯಾ ನನ್ನ ವಾರಗಿತ್ತಿ. ನಬೆಲ್ ಊರಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಚರಂಡಿಗೆಂದು ಗುಂಡಿ ತೋಡುತ್ತಿದ್ದ ನನ್ನ ಗಂಡ, ಗೋಡೆಯಡಿ ಸಿಕ್ಕ ದಪ್ಪ ಬೇರುಗಳು ಯಾವುದೋ ಹಳೇ ಬೊಡ್ಡೆಯವೆಂದುಕೊಂಡು ಪಿಕಾಸಿಯಿಂದ ಕತ್ತರಿಸಿದ್ದ. ಸ್ವಲ್ಪ ದಿನದಲ್ಲೇ ಮರದ ಎಲೆಗಳು ಸುರುಟಿದವು.

ನನಗೆ ಮೊದಲು ಬೇಸರವಾಗಲಿಲ್ಲ. ಕಿತ್ತಳೆಹೂವು ಕುದಿಸಿ, ಆವಿಯಿಂದ ಘಮದ ಹೂನೀರು ಇಳಿಸುವ ತಾಮ್ರದ ಭಟ್ಟಿಯನ್ನು ಅತ್ತೆ ಹಿರಿಸೊಸೆಯಾದ ನನ್ನನ್ನು ಬಿಟ್ಟು ಅವಳಿಗೆ ಕೊಟ್ಟಿದ್ದರು. ನಾನು ನನ್ನ ಮರದ ಹೂವನ್ನು ಕುಸ್ಕುಸ್ ರವೆ ಬೇಯಿಸುವ ಹಬೆಪಾತ್ರೆಯಲ್ಲಿ ಇಳಿಸಬೇಕು. ಅತ್ತೆಯ ಕಾಫಿಗೆ ಬೇಯಾಳ ಹೂನೀರೇ ಆಗಬೇಕು. ಜ್ವರ ಬಂದರೆ ನನ್ನ ಮಗಳು ಶೆದ್ಲಿಯಾ ಕೂಡ ಹಣೆಗೆ ಹಚ್ಚಲು ಚಿಕ್ಕಮ್ಮನ ಹೂನೀರಿನ ಸೀಸೆಯನ್ನೇ ಕೇಳುತ್ತಾಳೆ.

ಆದರೂ ತೋಟಗಾರನ ಮಗಳು ನಾನು, ಸುಮ್ಮನಿರಲಾಗಲಿಲ್ಲ. ಜಜ್ಜಿದ ಬೇರಿನ ತುದಿಗಳನ್ನು ಹರಿತ ಚಾಕುವಿನಿಂದ ಸವರಿ, ಒದ್ದೆ ಮಣ್ಣು ಮುಚ್ಚಿ, ಒಣಹುಲ್ಲು ಹಾಸಿದೆ. ಆಮೇಲೆ ಹೇಳಿದೆ:

"ಮೊಗ್ಗೆಲ್ಲ ಕಿತ್ಬಿಡ್ಬೇಕು ಬೇಯಾ, ಅರಳೋಕೆ ಮುಂಚೆ. ಇರೋ ಚೂರು ಬೇರು ಅಷ್ಟು ಹೂವಿಗೆ ಎಲ್ಲಿಂದ ನೀರು ತರ್ಬೇಕು?"

"ನಿಮ್ಮನೇಲಿ ಬೇರು ಕಡೀರಿ, ನಮ್ಮನೇಗೆ ಬಂದು ಮೊಗ್ಗು ಕೀಳಿ. ಹಾಗೇ ಭಟ್ಟೀನೂ ಹೊತ್ಕೊಂಡು ಹೋಗಿ ಅಕ್ಕ, ಬಾಗಿಲ ಹತ್ರಾನೇ ಇದೆ."

ನನ್ನ ಹೊಟ್ಟೆಕಿಚ್ಚೂ ನಿಜ, ಹೇಳಿದ ಮಾತೂ ನಿಜ. ಎರಡನ್ನೂ ಬೇರೆ ಮಾಡಿ ತೋರಿಸುವುದು ಹೇಗೆ?

ಅತ್ತೆ ಚಾಪೆಯಿಂದಲೇ ಅಂದರು, "ಇವಳಪ್ಪನ ಕೈಲಿ ಮರ ಸತ್ತಿದ್ದು ನಾ ಕಂಡಿಲ್ಲ. ಕೀಳ್ಲಿ ಬಿಡೇ."

ಆ ಹೊಗಳಿಕೆಯೂ ಅಪ್ಪನ ಪಾಲಾಯಿತು.

ಇಬ್ಬರೂ ಸೇರಿ ಮೊಗ್ಗು ಬಿಡಿಸಿದೆವು. ಕೊನೆಯ ಕೊಂಬೆಗೆ ಬೇಯಾ ಅಡ್ಡ ನಿಂತಳು. "ಇದೊಂದಿರ್ಲಿ. ಅತ್ತೆ ಕಾಫಿಗೆ."

"ಒಂದು ವರ್ಷ ನನ್ನ ಹೂನೀರು ಕುಡಿದ್ರೆ ಅತ್ತೆಗೇನೂ ಆಗಲ್ಲ."

"ನೀವು ಕಾಯ್ತಿರೋದು ಅದನ್ನೇ ಅಲ್ವಾ?"

ಕೊಂಬೆ ಹಾಗೇ ಉಳಿಯಿತು. ಹೂ ಅರಳಿತು, ಘಮಘಮಿಸಿತು, ನಾಲ್ಕು ದಿನದಲ್ಲಿ ಕೊಂಬೆಯ ಎಲೆಯೆಲ್ಲ ಉದುರಿತು. ಬೇಯಾ ಗೋಡೆಯಾಚೆಯಿಂದ ಕರೆದಾಗ ದನಿ ಸಣ್ಣಗಾಗಿತ್ತು. ಒಣಗಿದ್ದನ್ನು ನಾನು ಗರಗಸದಿಂದ ಕೊಯ್ಯುವಾಗ ಅವಳು ಕೊಂಬೆ ಹಿಡಿದುಕೊಂಡಿದ್ದಳು. ಹೊರಟಾಗ ಭಟ್ಟಿಯನ್ನು ನನ್ನ ಕೈಗಿಟ್ಟಳು.

"ಸುಮ್ನೆ ಇಟ್ರೆ ಕಿಲುಬು ಹಿಡಿಯತ್ತೆ. ಈ ವರ್ಷ ನೀವೇ ಇಳಿಸಿ."

ಎಷ್ಟು ವರ್ಷ ಬಯಸಿದ್ದೆ ಅದನ್ನು. ನನ್ನ ಮರದ ಹೂವು, ನನ್ನ ಒಲೆ, ನನ್ನ ಬೆವರು. ಅತ್ತೆ ಕಾಫಿಗೆ ಎರಡು ಹನಿ ಬಿಟ್ಟುಕೊಂಡು ಕಣ್ಣು ಮುಚ್ಚಿದರು.

"ಏನೇ ಅನ್ನು, ಬೇಯಾ ಭಟ್ಟಿ ಅಂದ್ರೆ ಭಟ್ಟಿ."

ಮೈ ಉರಿಯಿತು. ಪಾತ್ರೆ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು, ಬಕೆಟ್ ಎತ್ತಿಕೊಂಡು ಆ ಮರಕ್ಕೆ ನೀರು ಹಾಕಲು ಹೋದೆ. ಅಂದಿನ ನೀರು ಇನ್ನೂ ಹಾಕಿರಲಿಲ್ಲ. ಕೊಯ್ದ ಕೊಂಬೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಗುರು ಕಂಡಿತು.

ಬೇಯಾಳನ್ನು ಕರೆಯುವ ಮುಂಚೆ ಸ್ವಲ್ಪ ಹೊತ್ತು ಅದನ್ನು ನಾನೊಬ್ಬಳೇ ನೋಡಿದೆ.