ಅಜ್ಜನ ಪಾಲಿನ ಬಿಸ್ಕತ್ತು

ಒಂದು ಬಿಸ್ಕತ್ತಿನ ವಿಷಯವನ್ನು ಕಥೆಯೆಂದು ಹೇಳಹೊರಡುವುದು ಅಧಿಕಪ್ರಸಂಗವೇ ಇರಬಹುದು. ಇದನ್ನು ಸರಿಯಾಗಿ ಹೇಳಬಲ್ಲವರು ಆ ಮನೆಯವರು, ಆದರೆ ಅವರು ಯಾರೂ ಹೇಳುವುದಿಲ್ಲ. ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೊಲಿಗೆಯಮ್ಮ ಓವನ್ನಿನೊಳಗೆ ತಲೆ ತೂರಿಸಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಅದರ ಸಂದುಗಳನ್ನು ತಿಕ್ಕುತ್ತಿದ್ದಳು. ಬೆಳಗ್ಗೆ ಎದ್ದಾಗ ಒಮ್ಮೆ ತಿಕ್ಕಿಯಾಗಿತ್ತು. ಕಾಫಿ ಕುಡಿದ ಮೇಲೆ ಮನಸ್ಸು ತಡೆಯದೆ ಮತ್ತೆ ಕೂತಿದ್ದಳು. ಲಾಂಡ್ರಿಯೊಂದರಲ್ಲಿ ಹರಿದ ಬಟ್ಟೆ ಹೊಲಿದು ಸರಿಮಾಡುವುದು ಅವಳ ಕೆಲಸ. ಗುಂಡಿಗೆ ಗಂಟು ಹಾಕಿ, ನಂಬಿಕೆ ಸಾಲದೆ ಅದರ ಮೇಲೆ ಇನ್ನೊಂದು ಗಂಟು ಹಾಕುವವಳು. ಮನೆಗೆ ಬೀಗ ಹಾಕಿ ರಸ್ತೆಯ ತಿರುವಿನವರೆಗೆ ಹೋಗಿ, ವಾಪಸ್ಸು ಬಂದು ಎಳೆದು ನೋಡುವವಳು.

"ಅಮ್ಮ, ತಿಕ್ಕಿ ತಿಕ್ಕಿ ತೂತು ಬಿದ್ದೀತು," ಎಂದ ಮಗ, ಬಾಗಿಲಿಗೆ ಒರಗಿಕೊಂಡು. ಅವನು ನಲ್ಲಿ, ಪೈಪು ರಿಪೇರಿಯವನು.

"ಬಿದ್ರೆ ನೀನೇ ಬೆಸುಗೆ ಹಾಕು. ಆ ಮಗೂಗೆ ಏನಾದ್ರೂ ಆದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?"

ಮಗ ನಗಲಿಲ್ಲ. ಅವನು ಮದುವೆಯಾಗಬೇಕೆಂದಿದ್ದ ಹೆಣ್ಣು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಮೊದಲ ಗಂಡನಿಂದ ಬೇರೆಯಾಗಿದ್ದಳು, ಆರು ವರ್ಷದ ಮಗಳಿದ್ದಳು. ಆ ಮಗುವಿಗೆ ಬಾದಾಮಿ, ಗೋಡಂಬಿ, ಅಕ್ರೋಟು ಯಾವುದೂ ಆಗದು. ಒಂದು ಚೂರು ಹೊಟ್ಟೆಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಅದಕ್ಕೇ ಅವರು ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಈ ವರ್ಷದ ಕೊನೆಯ ರಜೆಗೆ ಮಗ ಕಾಡಿಬೇಡಿ ಒಪ್ಪಿಸಿದ್ದ. "ಒಂದು ಸಲ ಬಂದು ನೋಡ್ತೀನಿ. ನನಗೆ ಧೈರ್ಯ ಬಂದ್ರೆ ಮುಂದಿನ ಮಾತು," ಎಂದಿದ್ದಳಂತೆ ಅವಳು.

ಕಷ್ಟ ಏನೆಂದರೆ, ವರ್ಷದ ಕೊನೆಯ ರಜೆ ಎಂದರೆ ಆ ಮನೆಯಲ್ಲಿ ಬಾದಾಮಿ ಹಾಕಿದ ಚಾಕೊಲೇಟ್ ಬಿಸ್ಕತ್ತು. ಹೊಲಿಗೆಯಮ್ಮನ ತಾಯಿಯ ಕಾಲದಿಂದ ಬಂದದ್ದು. ಹಿಟ್ಟಿಗೆ ಬಾದಾಮಿ ಚೂರು ಬೆರೆಸಿ, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಇಡೀ ಬಾದಾಮಿ ಒತ್ತಬೇಕು. ಅಜ್ಜನ ಪಾಲಿನದು ಮಾತ್ರ ಬೋಳು.

ಅಜ್ಜ ಎಂದರೆ ಹೊಲಿಗೆಯಮ್ಮನ ಅಪ್ಪ. ಹಲ್ಲುಗಳೆಲ್ಲ ಉದುರಿದ ವರ್ಷ ಅವನು, "ನನಗೆ ಬೀಜಗೀಜ ಬೇಡ, ಬರೀ ಬಿಸ್ಕತ್ತು ಸಾಕು," ಎಂದು ಹಟ ಹಿಡಿದಿದ್ದ. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟನ್ನು ಲೋಟದಿಂದ ಹೊರಗೇ ತೆಗೆಯಲಿಲ್ಲ. ಬಾದಾಮಿ ಇಲ್ಲದ ಬಿಸ್ಕತ್ತು ರುಚಿಸೀತೇ ಎಂದು ಅಜ್ಜಿ, ಅವನಿಗೆ ಗೊತ್ತಾಗದ ಹಾಗೆ ಬಾದಾಮಿಯನ್ನು ನುಣ್ಣಗೆ ಪುಡಿಮಾಡಿ ಹಿಟ್ಟಿಗೆ ಸೇರಿಸಿದಳು. ಅಜ್ಜ ಚಹದಲ್ಲಿ ಅದ್ದಿ ತಿಂದು, "ನೋಡಿದ್ಯಾ? ಬೀಜ ಇಲ್ದೇನೇ ರುಚಿ ಜಾಸ್ತಿ," ಎಂದ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದ್ದಳು. ಅಲ್ಲಿಂದೀಚೆಗೆ ಅದು ಅಜ್ಜನೊಬ್ಬನನ್ನು ಬಿಟ್ಟು ಮನೆಯವರೆಲ್ಲರ ನಗೆಯಾಯಿತು.

ಅಜ್ಜಿ ತೀರಿಕೊಂಡ ವರ್ಷ ಹೊಲಿಗೆಯಮ್ಮ ಪುಡಿ ಹಾಕಲು ಮರೆತಳು. ಅಜ್ಜ ಒಂದು ತುಣುಕು ಬಾಯಿಗಿಟ್ಟು ತಟ್ಟೆ ಪಕ್ಕಕ್ಕೆ ಸರಿಸಿದ. "ಅವಳ ಕೈರುಚಿ ಹೋಯ್ತು," ಎಂದನಷ್ಟೆ. ಮರುದಿನವೇ ಅವಳು ಪುಡಿ ಹಾಕಿ ಇನ್ನೊಂದು ಸಲ ಮಾಡಿಕೊಟ್ಟಳು. ಅವನು ಒಂದು ಚೂರೂ ಬಿಡದೆ ತಿಂದ. ಆಮೇಲೆ ಅವಳು ಯಾವತ್ತೂ ಮರೆಯಲಿಲ್ಲ.

ಈ ಸಲ ಮಗುವಿನ ಬಿಸ್ಕತ್ತು ಮೊದಲು ಆಯಿತು. ಹೊಸ ಬೋಗುಣಿ, ಹೊಸ ಚಮಚ, ಆಗತಾನೇ ಒಡೆದ ಮೈದಾ ಪೊಟ್ಟಣ. ಬಾದಾಮಿಯ ಡಬ್ಬಿಯನ್ನು ಆ ಹೊತ್ತಿಗೆ ಮಹಡಿ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದಳು. ಬಿಸ್ಕತ್ತು ತಣ್ಣಗಾದ ಮೇಲೆ ಕೆಂಪು ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿದಳು. ಮನೆಯ ಉಳಿದವರದನ್ನು ಈ ವರ್ಷ ಮಾಡುವುದೇ ಬೇಡವೆಂದಾಯಿತು.

ಅಜ್ಜನದು ಉಳಿಯಿತು. ಅವನ ವಯಸ್ಸಿನಲ್ಲಿ ಮುಂದಿನ ವರ್ಷದ ಮಾತು ಹೇಗೆ ಆಡುವುದು? ಬಾದಾಮಿಯನ್ನು ಪಕ್ಕದ ಮನೆಗೆ ಒಯ್ದು, ಅವರ ಮಿಕ್ಸಿಯಲ್ಲಿ ಪುಡಿಮಾಡಿ, ಅವರ ಓವನ್ನಿನಲ್ಲೇ ಬೇಯಿಸಿಕೊಂಡು ಬಂದಳು. ಬಂದು ಸೀರೆ ಬದಲಿಸಿದಳು. ಅಜ್ಜನ ಡಬ್ಬಿಯನ್ನು ಅವನ ಕೋಣೆಯ ಮೇಲಿನ ಶೆಲ್ಫಿನಲ್ಲಿಟ್ಟಳು, ಮಗುವಿಗೆ ಎಟುಕದ ಎತ್ತರದಲ್ಲಿ.

"ಅಪ್ಪ, ಮಗೂಗೆ ಬೀಜ ಆಗಲ್ಲ. ಒಂದು ಚೂರೂ ಕೊಡಬಾರ್ದು, ತಿಳೀತಾ?" ಎಂದು ಅವನ ಬಲಗಿವಿಗೆ ಬಾಯಿಟ್ಟು ಕೂಗಿದಳು. ಅವನು ದುಡಿದ ಬಾಯ್ಲರ್ ಕಾರ್ಖಾನೆಯ ಸದ್ದು ಅವನ ಎಡಗಿವಿಯನ್ನು ಪೂರ್ತಿ ತಿಂದು, ಬಲಗಿವಿಯಲ್ಲಿ ಅರ್ಧ ಬಿಟ್ಟಿತ್ತು. ಬೇಕಾದ್ದು ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ ಎಂದು ಮೊಮ್ಮಗ ಅಣಕಿಸುತ್ತಿದ್ದ.

"ನಾನೇನು ಮಗುವಾ? ಇದನ್ನ ನೀನು ನಿನ್ನೆಯಿಂದ ಹೇಳ್ತಾನೇ ಇದ್ದೀಯ."

ನಿನ್ನ ಡಬ್ಬಿಯಿಂದಲೂ ಕೊಡಬೇಡ ಎನ್ನಲು ಅವಳು ಬಾಯಿ ತೆರೆದಳು. ಯಾಕೆ ಎಂದು ಕೇಳುತ್ತಾನೆ. ಏನು ಹೇಳುವುದು? ಶೆಲ್ಫಿನ ಎತ್ತರವನ್ನು ಇನ್ನೊಮ್ಮೆ ನೋಡಿ ಬಾಯಿ ಮುಚ್ಚಿಕೊಂಡಳು.

ಅವರು ಮಧ್ಯಾಹ್ನ ಬಂದರು. ಮಗು ಅಮ್ಮನ ಕೈಚೀಲಕ್ಕೆ ಅಂಟಿಕೊಂಡೇ ಒಳಗೆ ಬಂತು. ಮೇಲ್ಸಾಲಿನ ಎರಡು ಹಾಲುಹಲ್ಲು ಬಿದ್ದಿದ್ದವು. ಅಜ್ಜ ಅದನ್ನು ಕಂಡದ್ದೇ ತನ್ನ ಬೊಚ್ಚುಬಾಯಿ ಅಗಲಿಸಿ ತೋರಿಸಿದ.

"ಎಲ್ಲಾ ಬಿದ್ದೋಗಿದೆಯಾ?" ಎಂದಿತು ಮಗು, ಬೆರಗಿನಿಂದ.

"ಎಲ್ಲಾ. ನೀನು ಈಗ ಶುರು ಮಾಡಿದ್ದೀಯ, ನಾನು ಮುಗ್ಸಿದ್ದೀನಿ. ಬಾ ಗುಬ್ಬಿ, ನಮ್ಮಿಬ್ಬರದೂ ಒಂದೇ ಪಾರ್ಟಿ."

ಗುಬ್ಬಿ ಎಂಬ ಹೆಸರು ಆ ಕ್ಷಣಕ್ಕೇ ನಿಂತಿತು. ಊಟವಾಯಿತು. ಕನ್ನಡಕದ ಅಂಗಡಿಯವಳು ಪ್ರತಿ ಪಾತ್ರೆಯ ಮುಂದೆ ನಿಂತು, "ಆಂಟಿ, ಇದ್ರಲ್ಲಿ ಏನೇನಿದೆ?" ಎಂದು ಕೇಳಿದಳು. ಕೇಳಿದ್ದಕ್ಕೆ ಪ್ರತಿ ಸಲವೂ ಕ್ಷಮೆ ಬೇಡಿದಳು. ಹೊಲಿಗೆಯಮ್ಮ ಬೇಸರವಿಲ್ಲದೆ ಹೇಳಿದಳು. ಮೈದಾದ ಖಾಲಿ ಪೊಟ್ಟಣವನ್ನೂ ಎತ್ತಿಟ್ಟಿದ್ದಳು, ತಂದು ತೋರಿಸಿದಳು. ಕೆಂಪು ಡಬ್ಬಿಯ ಅಂಟುಪಟ್ಟಿ ಕಿತ್ತದ್ದು ಮಗುವಿನ ಅಮ್ಮನೇ. ಮಗು ಒಂದು ತಿಂದಿತು. ಮೂವರೂ ಅದರ ಮುಖವನ್ನೇ ನೋಡುತ್ತಾ ನಿಂತರು. ಏನೂ ಆಗಲಿಲ್ಲ. ಮಗು ಇನ್ನೊಂದು ಕೇಳಿತು.

ಆಮೇಲೆ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಾ ಕನ್ನಡಕದ ಅಂಗಡಿಯವಳು, "ಇಷ್ಟೆಲ್ಲಾ ನಮಗೋಸ್ಕರ ಯಾರೂ ಮಾಡಿರ್ಲಿಲ್ಲ ಆಂಟಿ," ಎಂದಳು. ತಟ್ಟೆಯನ್ನೇ ನೋಡುತ್ತಾ ಹೇಳಿದಳು. ಮಗ ನಲ್ಲಿ ಬಿಗಿಮಾಡುವ ನೆಪದಲ್ಲಿ ಸಿಂಕಿನ ಕೆಳಗೆ ಬಗ್ಗಿದ್ದ; ಅವನ ಕಿವಿಗಳು ಕೆಂಪಾದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಕೋಣೆಯಿಂದ ಅಜ್ಜನೂ ಮಗುವೂ ನಗುವುದು ಕೇಳುತ್ತಿತ್ತು. ಹೊಲಿಗೆಯಮ್ಮನಿಗೆ ಎಷ್ಟೋ ದಿನಗಳ ಮೇಲೆ ಹೆಗಲು ಹಗುರಾದಂತಿತ್ತು.

ಮಗು ಬಾಗಿಲಲ್ಲಿ ಬಂದು ನಿಂತು ಕತ್ತು ಕೆರೆದುಕೊಂಡಿತು. "ಅಮ್ಮ, ನಾಲಿಗೆ ಚುಚ್ತಿದೆ."

ತಟ್ಟೆ ಕೆಳಗೆ ಬಿತ್ತು. ಮುಂದಿನದೆಲ್ಲ ಆ ತಾಯಿಗೆ ಅಭ್ಯಾಸವಾದ ಕೆಲಸವೆಂಬಂತೆ ನಡೆಯಿತು. ಕೈಚೀಲದಿಂದ ಪೆನ್ನಿನಂಥ ಇಂಜೆಕ್ಷನ್ ತೆಗೆದು ಬಟ್ಟೆಯ ಮೇಲಿನಿಂದಲೇ ಮಗುವಿನ ತೊಡೆಗೆ ಒತ್ತಿ ಹಿಡಿದಳು. ತುಟಿ ಆಗಲೇ ಊದಿತ್ತು. ಉಸಿರು ಸೀಟಿಯ ಹಾಗೆ ಬರುತ್ತಿತ್ತು. ಮಗ ತನ್ನ ರಿಪೇರಿ ಸಾಮಾನಿನ ವ್ಯಾನಿನ ಬೀಗದ ಕೈಗೆ ತಡಕಾಡಿದ.

"ಏನು ಕೊಟ್ರಿ?" ಎಂದಳು ಅವಳು, ಮಗುವನ್ನು ಎತ್ತಿಕೊಳ್ಳುತ್ತಾ.

"ಕೆಂಪು ಡಬ್ಬೀದು ಮಾತ್ರ. ನಿನ್ನ ಕಣ್ಣೆದುರೇ ತಾಯಿ."

"ಮತ್ತೆ ಇದು ಹೇಗಾಯ್ತು?"

ವ್ಯಾನು ಹೊರಟಿತು. ಅಜ್ಜನನ್ನು ಒಬ್ಬನೇ ಬಿಡುವಂತಿರಲಿಲ್ಲ, ವ್ಯಾನಿನಲ್ಲಿ ಜಾಗವೂ ಇರಲಿಲ್ಲ. ಹೊಲಿಗೆಯಮ್ಮ ಬಾಗಿಲಲ್ಲೇ ಉಳಿದಳು.

ಒಳಗೆ ಬಂದವಳು ತನ್ನ ತಪ್ಪನ್ನು ಹುಡುಕತೊಡಗಿದಳು. ಹೊಸ ಬೋಗುಣಿಯನ್ನು ಮೂಸಿದಳು. ಮೈದಾ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಬೆಣ್ಣೆ, ಸಕ್ಕರೆ, ಚಾಕೊಲೇಟು. ಪಕ್ಕದ ಮನೆಯಿಂದ ಬಂದಾಗ ಸೀರೆ ಬದಲಿಸಿದೆ, ಬಳೆ ತೊಳೆದೆನಾ? ಬಳೆಗಳನ್ನು ಕಳಚಿ ಮೇಜಿನ ಮೇಲಿಟ್ಟು ನೋಡಿದಳು. ಬಳೆ ನೋಡಿದರೆ ಏನು ಗೊತ್ತಾಗುತ್ತದೆ?

ಅಜ್ಜ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದು ಹಜಾರದ ಕುರ್ಚಿಯಲ್ಲಿ ಕೂತ. ತೊಡೆಯ ಮೇಲೆ ಅವನ ಡಬ್ಬಿ ಇತ್ತು.

"ಗುಬ್ಬಿಗೆ ಏನಾಯ್ತು? ಚೆನ್ನಾಗೇ ಆಡ್ತಿತ್ತಲ್ಲ."

ಹೊಲಿಗೆಯಮ್ಮ ಡಬ್ಬಿಯನ್ನೇ ನೋಡಿದಳು. "ಅದನ್ನ ಯಾರು ಇಳಿಸಿದ್ರು?"

"ನಾನೇ. ಕೋಲಿಂದ. ಮಂಚದ ಮೇಲೆ ಬಿತ್ತು, ಒಂದೂ ಮುರೀಲಿಲ್ಲ." ಅವನ ದನಿಯಲ್ಲಿ ಹೆಮ್ಮೆ ಇತ್ತು. "ಗುಬ್ಬಿಗೆ ಒಂದು ಕೊಟ್ಟೆ. ಪಾಪ, ಇದ್ರಲ್ಲಿ ಬೀಜ ಇದೆಯಾ ಅಂತ ಕೇಳ್ತು. ಬುದ್ಧಿವಂತೆ. ನೋಡಮ್ಮ, ಮೇಲೆ ಬೀಜ ಇಲ್ಲ, ಒಳಗೂ ಇಲ್ಲ, ಇದು ನನಗೇ ಅಂತ ಮಾಡೋದು, ನನ್ನ ಹೆಂಡ್ತಿ ಕಲಿಸಿಕೊಟ್ಟಿದ್ದು ಅಂದೆ. ಮುರಿದೂ ತೋರಿಸ್ದೆ."

ಹೊಲಿಗೆಯಮ್ಮ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಯಾವ ಆಸ್ಪತ್ರೆಗೆ ಹೋದರೆಂದು ಅವಳಿಗೆ ಗೊತ್ತಿರಲಿಲ್ಲ. ಮಗನ ಮೊಬೈಲಿಗೆ ಮಾಡಿದರೆ ಅದು ಅಡುಗೆಮನೆಯಲ್ಲಿ, ಸಿಂಕಿನ ಪಕ್ಕದಲ್ಲೇ ಮೊಳಗಿತು. ಕನ್ನಡಕದ ಅಂಗಡಿಯವಳ ನಂಬರನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಕೇಳಿದರೆ ಆತುರ ಮಾಡಿದಂತಾದೀತೆಂಬ ಸಂಕೋಚ. ಹಜಾರದ ಗೋಡೆಯ ಫೋನಿನ ಮುಂದೆ ನಿಂತಳು. ಕೂತಳು. ಮತ್ತೆ ನಿಂತಳು. ಒಂದು ಸಲ ರಿಸೀವರ್ ಎತ್ತಿ, ಲೈನಿದೆಯೇ ಎಂದು ಕೇಳಿ, ತಾನು ಎತ್ತಿದ ಹೊತ್ತಿಗೇ ಅವರು ಮಾಡಿದ್ದರೆ ಎಂದು ಹೆದರಿ ಪಟ್ಟನೆ ಇಟ್ಟಳು.

"ಬಿಸಿಲಿಗೆ ಇರ್ಬೇಕು," ಎಂದ ಅಜ್ಜ. "ಮಕ್ಕಳಿಗೆ ಬಿಸಿಲು ತಡಿಯಲ್ಲ."

"ಹೂಂ ಅಪ್ಪ."

ಅವನು ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು, ಚಹ ಇಲ್ಲದ್ದರಿಂದ ಹಾಗೇ ಚೀಪುತ್ತಾ ಕೂತ. ಅವಳು ಬೇಡವೆನ್ನಲಿಲ್ಲ. ಅವನು ಚೀಪುವ ಸದ್ದು ಹಜಾರದ ತುಂಬ ಕೇಳುತ್ತಿತ್ತು.

ಫೋನು ಬಂದಾಗ ಬಿಸಿಲು ಕಿಟಕಿಯಿಂದ ಜಾರಿಹೋಗಿತ್ತು. ಆ ಕಡೆ ಗದ್ದಲ, ಯಾರೋ ಯಾರನ್ನೋ ಕೂಗುತ್ತಿದ್ದರು.

"ಅಮ್ಮ, ಡಾಕ್ಟರು ಕೇಳ್ತಿದ್ದಾರೆ. ಏನು ತಿಂದ್ಳು, ಎಷ್ಟು ತಿಂದ್ಳು, ಸರಿಯಾಗಿ ಹೇಳ್ಬೇಕಂತೆ."

"ಮಗು ಹೇಗಿದೆ?"

"ಮೊದಲು ಹೇಳಮ್ಮ."

ಹೊಲಿಗೆಯಮ್ಮ ಗೋಡೆಯ ಕಡೆ ತಿರುಗಿ, ರಿಸೀವರಿಗೆ ಅಂಗೈ ಅಡ್ಡ ಹಿಡಿದು ಹೇಳಿದಳು.

"ಏನು? ಕೇಳಿಸ್ತಿಲ್ಲ. ಇಲ್ಲಿ ಗಲಾಟೆ. ಜೋರಾಗಿ ಹೇಳು."

ಅವಳು ತಿರುಗಿ ನೋಡಿದಳು. ಅಜ್ಜ ಎರಡು ಮೊಳ ದೂರದಲ್ಲಿದ್ದ, ಬಲಗಿವಿ ಇವಳ ಕಡೆಗೇ ಇತ್ತು. ಫೋನಿನ ವೈರು ಬಾಗಿಲವರೆಗೂ ಎಟುಕುತ್ತಿರಲಿಲ್ಲ.

"ಅಮ್ಮ!"

"ಅಜ್ಜನ ಡಬ್ಬೀದು," ಎಂದು ಅವಳು ಕೂಗಿದಳು. "ಒಂದು ಪೂರ್ತಿ ಬಿಸ್ಕತ್ತು. ಅದ್ರಲ್ಲಿ ಬಾದಾಮಿ ಪುಡಿ ಇದೆ. ಬಾದಾಮಿ. ಅಜ್ಜಿ ಕಾಲದಿಂದ ಹಾಕ್ತಿದ್ದೀವಲ್ಲ, ಅಜ್ಜಂಗೆ ಹೇಳ್ದೇ, ಅದೇ. ಅಜ್ಜಂಗೆ ಗೊತ್ತಿಲ್ದೆ ಕೊಟ್ಟಿದ್ದಾರೆ."

ಆ ಕಡೆ ಮಗ ಅದನ್ನು ಯಾರಿಗೋ ಒಪ್ಪಿಸಿದ್ದು ಕೇಳಿತು. ಮಗುವಿನ ಅಮ್ಮನ ದನಿ, "ಗೊತ್ತಿತ್ತಾ ಇವರಿಗೆ?" ಎಂದಿತು. ಬಹಳ ಹೊತ್ತಿನ ಮೇಲೆ ಮಗ ಮತ್ತೆ ಬಂದ. "ಉಸಿರು ಸರಿಹೋಗ್ತಿದೆಯಂತೆ. ನಾಳೆವರೆಗೂ ಇಟ್ಕೊಳ್ತಾರೆ."

"ಅವಳ ಕೈಗೆ ಕೊಡು. ಒಂದು ಮಾತು."

"ಬೇಡ ಅಂತಿದ್ದಾಳೆ ಅಮ್ಮ. ಈಗ ಬೇಡ."

ಫೋನು ಕಟ್ಟಾಯಿತು. ಹೊಲಿಗೆಯಮ್ಮ ರಿಸೀವರನ್ನು ಜಾಗದಲ್ಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡೇ ನಿಂತಳು. ತಿರುಗಲು ಧೈರ್ಯ ಸಾಲಲಿಲ್ಲ. ಹಿಂದೆ ಕುರ್ಚಿ ಕಿರುಗುಟ್ಟಿತು. ಚಪ್ಪಲಿಯ ಸದ್ದು ನಿಧಾನವಾಗಿ ಅಡುಗೆಮನೆಯ ಕಡೆ ಹೋಯಿತು. ನಲ್ಲಿ ತಿರುಗಿಸಿದ ಸದ್ದಾಯಿತು.

ಅವಳು ಹೋಗಿ ನೋಡಿದಾಗ ಅಜ್ಜ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತಿದ್ದ. ಪಾತ್ರೆ ತೊಳೆಯುವ ಸೋಪನ್ನು ಅಂಗೈಗೆ, ಬೆರಳ ಸಂದುಗಳಿಗೆ, ಮೊಣಕೈವರೆಗೂ ಹಚ್ಚಿ, ಹಿಂದೆ ಕಾರ್ಖಾನೆಯಿಂದ ಬಂದಾಗ ಮಸಿ ತೊಳೆಯುತ್ತಿದ್ದ ಹಾಗೆ ಉಜ್ಜುತ್ತಿದ್ದ. ನೊರೆ ಹೋದ ಮೇಲೂ ನೀರಿನ ಕೆಳಗೆ ಕೈ ಹಿಡಿದೇ ಇದ್ದ.

"ಅಪ್ಪ," ಎಂದಳು ಅವಳು.

ಅವನು ತಿರುಗಲಿಲ್ಲ. ಆಗ ಇವಳ ಕಡೆಗಿದ್ದದ್ದು ಎಡಗಿವಿ.

ಮಗು ಗುಣವಾಯಿತು. ಆ ಮನೆಗೆ ಮತ್ತೆ ಬರಲಿಲ್ಲ. ಮಗನೇ ಅಲ್ಲಿಗೆ ಹೋಗಿಬರುತ್ತಾನೆ, ಮದುವೆಯ ಮಾತು ಎತ್ತುವುದಿಲ್ಲ. ಅಜ್ಜನಿಗೆ ಅವತ್ತು ಕೇಳಿಸಿತೋ ಇಲ್ಲವೋ, ಯಾರೂ ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಕಥೆ ಹೇಳುವವರಿಗೂ ಅದು ಗೊತ್ತಿಲ್ಲ.