ಬಾಯಿಪಾಠದ ಹಲಗಿ

ಮೊಮ್ಮಗಳು ಬಿ.ಎಡ್. ಓದುತ್ತಿದ್ದಾಳೆ. ಮೊನ್ನೆ ಬಂದವಳು, ‘ಅಜ್ಜೀ, ಈಗ ಮೊದಲಿನಂಗಲ್ಲ. ಹುಡುಗರು ತಾವ ಮಾಡಿ ಕಲೀಬೇಕು, ಟೀಚರು ಬರೇ ದಾರಿ ತೋರಸಬೇಕು’ ಎಂದು ನನಗೇ ಉಪದೇಶ ಮಾಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲ, ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೇ? ನಮ್ಮ ಜಿಲಾನಿಸಾಬ್ ಮಾಸ್ತರು ಇದನ್ನೇ ಮಾಡಿದಾಗ ಊರೆಲ್ಲ ನಕ್ಕಿತ್ತು.

ಆಗ ಕಾಲುವೆ ನೀರು ಬಂದು ಸಿಂಧನೂರು ಸೀಮೆಯ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಯಾಗುತ್ತಿದ್ದವು. ನಮ್ಮಪ್ಪ ಯಮನೂರಪ್ಪ ನಾಲ್ಕು ಜನರಲ್ಲಿ ಎದ್ದು ಕಾಣತೊಡಗಿ, ನಮ್ಮೂರ ಹೊಸ ಹೈಸ್ಕೂಲಿನ ಕಮಿಟಿಗೆ ಮೆಂಬರನೂ ಆದ. ಮೆಂಬರನ ಮಗಳು ಮನೆಯಲ್ಲಿ ಕೂತರೆ ಮಂದಿ ಏನಂದಾರು ಎಂದು ನನ್ನನ್ನು ಹತ್ತನೇ ಕ್ಲಾಸಿನವರೆಗೆ ಕಳಿಸಿದ. ಮಗಳು ಗ್ಯಾನಮ್ಮ ಓದಿ ಉದ್ಧಾರ ಆಗಲಿ ಎಂದೇನೂ ಅಲ್ಲ.

ಆ ವರ್ಷ ಸಂಗೀತಕ್ಕೆ ಜಿಲಾನಿಸಾಬ್ ಮಾಸ್ತರು ಬಂದರು. ಮುದಗಲ್ಲಿನಿಂದ ಲಿಂಗಸುಗೂರಿಗೆ ಒಂದು ಬಸ್ಸು, ಅಲ್ಲಿಂದ ಮಸ್ಕಿ ದಾಟಿ ಇನ್ನೊಂದು ಬಸ್ಸು. ಹುಬ್ಬಿನವರೆಗೆ ಧೂಳು ಮೆತ್ತಿಕೊಂಡು, ತಮ್ಮ ತಬಲಾ ಜೋಡಿಯನ್ನು ಎದೆಗವಚಿಕೊಂಡೇ ಇಳಿದರು. ಇಡೀ ಸಾಲಿಗೆ ಇದ್ದದ್ದು ಅದೊಂದೇ ವಾದ್ಯ.

ಮೊದಲ ದಿನ ಅವರು ಬಾರಿಸುತ್ತಾರೆಂದು ನಾವೆಲ್ಲ ಬಾಯಿ ತೆರೆದು ಕೂತೆವು. ಮಾಸ್ತರು ತಬಲಾದ ಮೇಲೆ ಬಟ್ಟೆ ಹೊದಿಸಿಬಿಟ್ಟರು. ‘ನಾ ಬಾರಿಸಿದ್ರ ನೀವು ವಾಹ್ವಾ ಅಂತೀರಿ, ಎದ್ದು ಮನೀಗೆ ಹೋಗ್ತೀರಿ. ಅದರಾಗ ನೀವು ಕಲ್ತದ್ದೇನು? ನಾಳಿಗೆ ಒಬ್ಬೊಬ್ಬರೂ ನಿಮ್ಮ ಮನ್ಯಾಗಿನ ಒಂದು ತಾಳದ ಪೆಟ್ಟು ಹುಡುಕಿ ತರ್ರಿ. ಮೊದಲ ಬಾಯಿಲೆ ಹೇಳ್ರಿ, ಆಮ್ಯಾಲೆ ಕೈಲೆ ಬಾರಸ್ರಿ, ಬಾಜೂಕ ಕುಂತವರಿಗೆ ಕಲಸ್ರಿ’ ಎಂದರು.

ಅಬ್ಬಬ್ಬಾ, ಮರುದಿನದ ಗದ್ದಲವೇ! ಪಿಂಜಾರರ ಹಸೀನಾಬೀ ಅವರಪ್ಪ ಅರಳೆ ಹಿಂಜುವ ಬಿಲ್ಲಿನ ಠೊಂಯ್ ಠೊಂಯ್ ತಂದಳು. ವೆಂಕೋಬ ಅವರವ್ವ ರೊಟ್ಟಿ ಬಡಿಯುವುದನ್ನು ತಂದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಸ್ತರು ನಗಲಿಲ್ಲ. ಮೊದಲ ಸಲ ಬಟ್ಟೆ ಸರಿಸಿ, ಆ ರೊಟ್ಟಿಯ ಪೆಟ್ಟಿಗೆ ತಬಲಾ ಕೂಡಿಸಿದರು. ಏನು ಚೆಂದ ಕೂತಿತೆಂದರೆ, ಆ ದಿನದಿಂದ ನಮ್ಮವ್ವ ರೊಟ್ಟಿ ಬಡಿಯುವಾಗ ನಾನು ಒಲೆ ಮುಂದೆ ಕಿವಿ ಕೊಟ್ಟು ಕೂರುವಂತಾದೆ. ಅವಳು ‘ಉರಿ ನೋಡಬೇ, ನನ್ನ ಮಾರಿ ಏನ್ ನೋಡ್ತಿ’ ಎಂದು ಬೈಯುತ್ತಿದ್ದಳು. ಆ ಬೈಗುಳ ಈಗ ಕೇಳಬೇಕೆನ್ನಿಸುತ್ತದೆ.

ಅಂಬಪ್ಪನ ಸರದಿ ಬಂತು. ಎದ್ದು ನಿಂತ. ಅವರಪ್ಪ ಪಕೀರಪ್ಪ ಊರಿಗೆಲ್ಲ ಹಲಗಿ, ಅಂದರೆ ತಮಟೆ, ಹೊಡೆಯುವವನು. ಯಾರಾದರೂ ಸತ್ತರೆ, ಡಂಗುರ ಸಾರಬೇಕಾದರೆ, ಸಾಹೇಬರು ಬಂದರೆ, ಕೆಳಗೇರಿಯಿಂದ ಅವನನ್ನು ಕರೆಯುತ್ತಿದ್ದರು. ಕರೆದಾಗ ಬರಬೇಕು, ದೂರ ನಿಂತು ಹೊಡೆಯಬೇಕು, ಕೊಟ್ಟದ್ದನ್ನು ಹೆಗಲ ವಸ್ತ್ರ ಒಡ್ಡಿ ಇಸಗೊಂಡು ಹೋಗಬೇಕು. ಹಿಂದಿನ ಬೆಂಚಿನಿಂದ ಬಾಲಪ್ಪ, ‘ಹಲಗಿ ತಗೊಂಡು ಬಾರಲೇ ಅಂಬ್ಯಾ!’ ಎಂದು ಕೂಗಿದ. ಮಾಸ್ತರಿಗೆ ಅದರ ಒಳಗುಟ್ಟು ತಿಳಿಯದು. ಪಾಪ, ಖುಷಿಯಿಂದಲೇ, ‘ಅರೇ, ಖಜಾನಾನ ಐತಲ್ಲೋ ನಿನ್ನ ಮನ್ಯಾಗ!’ ಎಂದರು.

‘ನಾ ಮುಟ್ಟಂಗಿಲ್ರೀ’ ಎಂದ ಅಂಬಪ್ಪ. ‘ಅದನ್ನ ಬಿಡಾಕಂತನ ಸಾಲೀಗೆ ಬಂದೀನಿ. ನಮ್ಮಪ್ಪ ಆಣಿ ಹಾಕಿಸ್ಯಾನ. ಒಂದ್ಸಲ ನನ್ನ ಕೈಯಾಗ ಕಂಡ್ರ ಸಾಕ್ರಿ, ಊರವರು ಅದನ್ನ ನನ್ನ ಕೊರಳಿಗೇ ಗಂಟು ಹಾಕ್ತಾರ.’

ಮಾಸ್ತರ ಮುಖ ಸಪ್ಪಗಾಯಿತು. ಆ ದಿನ ಪಾಠ ಅಲ್ಲಿಗೇ ನಿಂತಿತು. ಮರುದಿನ ಬಂದವರೇ, ‘ತಪ್ಪು ನಂದು. ಇವತ್ತಿಂದ ಹೊಸಾ ಕಾನೂನು. ತಮ್ಮ ಮನೀದನ್ನ ತಾವು ಯಾರೂ ಬಾರಸಂಗಿಲ್ಲ. ಬಾಯಿಲೆ ಕಲಸ್ರಿ, ಇನ್ನೊಬ್ರು ಬಾರಸ್ಲಿ’ ಎಂದರು. ಆಮೇಲೆ ಅಂಬಪ್ಪನ ಕಡೆ ತಿರುಗಿ, ‘ಮನಸಿದ್ರ ಕಲಸು, ಇಲ್ಲಂದ್ರ ಬ್ಯಾಡಪಾ’ ಎಂದರು. ‘ಬಾಯಿಲೆ ಅಂದ್ರ ಹೇಳ್ತೀನ್ರೀ’ ಎಂದ ಅಂಬಪ್ಪ.

ಹಲಗಿ ಹೊಡೆಯುವವರು ಯಾರು ಎಂದರೆ ಗಂಡುಹುಡುಗರೆಲ್ಲ ಕಾಲ್ಬೆರಳು ನೋಡತೊಡಗಿದರು. ನಾನು ಎದ್ದು ನಿಂತೆ. ದೊಡ್ಡ ಮನಸ್ಸು ಮಾಡಿ ನಿಂತೆನೆಂದು ಯಾರೂ ತಿಳಿಯಬೇಡಿ. ಸಣ್ಣವಳಿದ್ದಾಗಿನಿಂದ ಹಲಗಿ ಸದ್ದು ಕೇಳಿದರೆ ನನ್ನ ಕಾಲು ನಿಲ್ಲುತ್ತಿರಲಿಲ್ಲ, ಅವ್ವ ಜಡೆ ಹಿಡಿದು ಒಳಗೆಳೆಯುತ್ತಿದ್ದಳು. ನನಗೆ ಅದು ಬೇಕಿತ್ತು, ಅಷ್ಟೇ.

ಮಾಸ್ತರು ಕೇಳಿದಾಗ ಪಕೀರಪ್ಪ ನಕ್ಕು ತನ್ನ ಹಲಗಿ ಕೊಟ್ಟ. ಸಾಲಿಯ ಹಿಂದೆ, ಕಾಲುವೆ ಏರಿಯ ಕೆಳಗೆ ಭತ್ತದ ಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗುವವರೆಗೆ ಅದನ್ನು ಕಾಯಿಸಿಕೊಳ್ಳುತ್ತಿದ್ದೆ. ಅಂಬಪ್ಪ ಕೈ ಬೆನ್ನಿಗೆ ಕಟ್ಟಿಕೊಂಡು ದೂರ ನಿಂತು, ‘ಡಂಕಣಕ ಡಂಕಣಕ, ಣಕಣಕ ಡಂಕಣಕ’ ಎನ್ನುತ್ತಿದ್ದ. ಬಲಗೈಗೆ ದಪ್ಪ ಕೋಲು, ಎಡಗೈಗೆ ಸಣ್ಣ ಕಡ್ಡಿ. ‘ಎಡಗೈ ಸತ್ತೈತೇನ್ ಬೇ? ಎಬ್ಬಸು ಅದನ್ನ!’ ಎಂದು ಬೈಯುತ್ತಿದ್ದ. ಮೆಂಬರನ ಮಗಳನ್ನು ಬೈಯಲು ಮಾಸ್ತರುಗಳೇ ಹೆದರುತ್ತಿದ್ದ ಕಾಲದಲ್ಲಿ ಇವನ ಬೈಗುಳ ನನಗೆ ಬಲು ಸೇರುತ್ತಿತ್ತು. ನಾನು ಹಲಗಿ ಕಲಿತೆ, ಅವನು ಮಾಸ್ತರ ತಬಲಾ ಕಲಿತ. ಬದುಕಿನಲ್ಲಿ ಅಂಥ ಸಂಜೆಗಳು ನನಗೆ ಮತ್ತೆ ಸಿಗಲಿಲ್ಲ.

ವರ್ಷದ ಕೊನೆಗೆ ಗ್ಯಾದರಿಂಗ್, ಅಂದರೆ ಸಾಲಿಯ ವಾರ್ಷಿಕೋತ್ಸವ, ಇಟ್ಟರು. ರಾಯಚೂರಿನಿಂದ ಸಾಹೇಬರು ಬಂದಿದ್ದರು. ಮುಂದಿನ ಕುರ್ಚಿಯಲ್ಲಿ ನಮ್ಮಪ್ಪ ಹೊಸ ರುಮಾಲು ಸುತ್ತಿಕೊಂಡು ಕೂತಿದ್ದ. ಅಂಬಪ್ಪ ತಬಲಾದ ಮುಂದೆ ಕೂತ. ನಾನು ಹಲಗಿ ಹೆಗಲಿಗೆ ಹಾಕಿಕೊಂಡು ಬಂದೆ. ಮಂದಿ ಗುಸುಗುಸು ಶುರುಮಾಡಿದರು. ಅಪ್ಪ ಎದ್ದು ನಿಂತ.

‘ಏ ಗ್ಯಾನೀ! ಆ ಹುಡುಗನ ಕೈಯಾಗ ಕೊಡು ಅದನ್ನ. ಅವರದು ಅವರು ಹೊಡೀಲಿ.’

ಎಲ್ಲರಿಗೂ ಅದು ಸರಿಯೆನಿಸಿತು. ಸಾಹೇಬರೂ ತಲೆಯಾಡಿಸಿ, ‘ಹೌದಮ್ಮ, ಕುಲಕಸುಬು, ಅವನೇ ಚೆನ್ನಾಗಿ ಬಾರಿಸುತ್ತಾನೆ’ ಎಂದರು. ಅಂಬಪ್ಪ ತಬಲಾದ ಮೇಲಿದ್ದ ಕೈ ತೆಗೆದು ಬೆನ್ನಿಗೆ ಕಟ್ಟಿಕೊಂಡ. ಇಡೀ ಊರಿನ ಮುಂದೆ ಒಂದು ಸಲ ಹಿಡಿದರೆ ಮುಗಿಯಿತು, ನಾಳೆ ಯಾರ ಮನೆಯ ಹೆಣಕ್ಕಾದರೂ ಅವನನ್ನೇ ಕರೆಯುತ್ತಾರೆ. ನಾನು ಹಲಗಿಯನ್ನು ಎದೆಗವಚಿಕೊಂಡೆ. ‘ಕೊಡಂಗಿಲ್ಲ. ಇದು ನನ್ನ ಪಾಠ’ ಎಂದೆ.

ಅಪ್ಪ ಕೆಂಡವಾದ. ಬೇವಿನ ಗಿಡದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ ಪಕೀರಪ್ಪನ ಕಡೆ ತಿರುಗಿ, ‘ಲೇ ಪಕೀರ್ಯಾ, ನಿನ್ನ ಮಗಗ ಹೇಳು’ ಎಂದು ಗುಡುಗಿದ.

ಪಕೀರಪ್ಪ ಎದ್ದ. ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡ. ‘ಯಪ್ಪಾ, ನನಗ ಹೊಡಿ ಅಂದ್ರ ಇವತ್ತೂ ಹೊಡೀತೀನಿ, ನಾಳೀಗೂ ಹೊಡೀತೀನಿ, ಸಾಯೂತನಕ ಹೊಡೀತೀನಿ. ಅವನ ಕೈಗೆ ಮಾತ್ರ ಹಾಕಬ್ಯಾಡ್ರಿ. ನಿಮ್ಮ ಮಗಳು ಚಲೋ ಹೊಡೀತಾಳ್ರೀ. ಹೊಡೀಲಿ ಬಿಡ್ರಿ.’

ಊರಿನ ಎದುರು ಪಕೀರಪ್ಪ ‘ಇಲ್ಲ’ ಎಂದದ್ದನ್ನು ಯಾರೂ ಅಲ್ಲಿವರೆಗೆ ಕೇಳಿರಲಿಲ್ಲ. ಜಿಲಾನಿಸಾಬ್ ಮಾಸ್ತರು ಅಂಬಪ್ಪನಿಗೆ ಕೈಸನ್ನೆ ಮಾಡಿದರು. ‘ಡಂಕಣಕ’ ಎಂದ ಅವನ ದನಿ ಮೊದಲು ಒಡೆಯಿತು, ಆಮೇಲೆ ಏರಿತು. ನಾನು ಹೊಡೆದೆ. ಎಷ್ಟು ಹೊಡೆದೆನೋ, ಹೇಗೆ ಹೊಡೆದೆನೋ, ಕಣ್ಣು ತೆರೆದಾಗ ಅಪ್ಪನ ಕುರ್ಚಿ ಖಾಲಿಯಿತ್ತು.

ಮನೆಗೆ ಹೋದರೆ ಅವ್ವ ಹೊರಗೇ ನಿಲ್ಲಿಸಿ ತಲೆ ಮೇಲೆ ನೀರು ಸುರುವಿದಳು. ಅಪ್ಪ, ‘ನಾಳಿಂದ ಸಾಲಿ ಸಾಕು’ ಎಂದ. ಪರೀಕ್ಷೆಗೂ ಕಳಿಸಲಿಲ್ಲ. ಮಾಸ್ತರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲಿಲ್ಲ. ನನ್ನನ್ನು ಪಾಮನಕಲ್ಲೂರಿಗೆ ಮದುವೆ ಮಾಡಿಕೊಟ್ಟರು. ಅಂಬಪ್ಪ ಪಾಸಾಗಿ, ಮುಂದೆ ಓದಿ, ಕಾಲುವೆ ಆಫೀಸಿನಲ್ಲಿ ಗುಮಾಸ್ತನಾದ ಎಂದು ಕೇಳಿದೆ.

ಎಷ್ಟೋ ವರ್ಷದ ಮೇಲೆ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಇಸ್ತ್ರಿ ಅಂಗಿ, ಕೈಗೆ ಗಡಿಯಾರ. ‘ಅಕ್ಕಾ!’ ಎಂದು ಓಡಿಬಂದವನೇ ಎರಡೂ ಅಂಗೈ ನನ್ನ ಮುಂದೆ ಚಾಚಿ, ‘ನೋಡಬೇ, ಈ ಕೈ ಇವತ್ತಿನತನ ಹಲಗಿ ಮುಟ್ಟಿಲ್ಲ’ ಎಂದು ಸಣ್ಣ ಹುಡುಗನಂತೆ ನಕ್ಕ. ನನಗೂ ಸಂತೋಷವಾಯಿತು, ಸುಳ್ಳಲ್ಲ.

‘ಆ ಗ್ಯಾದರಿಂಗ್ ಆದ ಮ್ಯಾಲೆ ನನ್ನ ಕೈನೂ ಮುಟ್ಟಿಲ್ಲೋ ಅಂಬಪ್ಪ’ ಎಂದೆ.

ಅಷ್ಟು ಹೊತ್ತು ನಗುತ್ತಿದ್ದವನು ಚಾಚಿದ ಕೈ ಮಡಚಿಕೊಂಡ. ಪಾಮನಕಲ್ಲೂರಿನ ಬಸ್ಸು ಬರುವವರೆಗೆ ನನ್ನ ಪಕ್ಕದಲ್ಲೇ ನಿಂತಿದ್ದ.