ಮುಳ್ಳು ಇಳಿಯಬಾರದು

"ಏ ಮುದುಕಿ, ಕಾಲಿಗೆ ಲಕ್ವ ಹೊಡೀತೇನೆ? ಮುಳ್ಳು ನೋಡು, ಬಿದ್ದು ಸಾಯ್ತಾ ಇದೆ!"

ಮೇಸ್ತ್ರಿ ಮೀಟರಿನ ಗಾಜಿಗೆ ಬೆರಳಲ್ಲಿ ಕುಟ್ಟಿದ. ಮುದುಕಿ ಎನಿಸಿಕೊಂಡವಳಿಗೆ ನಲವತ್ತನಾಲ್ಕು ವರ್ಷ. ಅವಳು ಹಲ್ಲು ಕಚ್ಚಿ ತುಳಿದಳು. ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಆರು ಸೈಕಲ್ಲು, ಆರು ಹೆಂಗಸರು. ಅವರು ತುಳಿದು ಹುಟ್ಟಿಸಿದ ಕರೆಂಟು ಹೋಗುವುದು ಪರದೆಯ ಆಚೆಯ ತಣ್ಣನೆಯ ಅಂಗಡಿಗೆ. ಅಲ್ಲಿ ಗಿರಾಕಿಗಳು ಫೋನುಗಳನ್ನು ಚಾರ್ಜಿಗಿಟ್ಟು ಸೋಫಾದಲ್ಲಿ ಕಾಫಿ ಹೀರುತ್ತಿದ್ದರು. ಗೋಡೆಯ ಮೇಲೆ ಹಸಿರು ಅಕ್ಷರ: 'ಹೊಗೆಯಿಲ್ಲದ ಕರೆಂಟು'. ಬೆವರಿನ ವಾಸನೆ ಆಚೆ ದಾಟದಿರಲೆಂದು ಪರದೆಗೆ ದಿನಕ್ಕೆರಡು ಸಲ ಸೆಂಟು ಹೊಡೆಯುತ್ತಿದ್ದರು.

ಅವಳ ರವಿಕೆಯೊಳಗೆ ಅವಳದೇ ಫೋನು ಸತ್ತು ಮಲಗಿತ್ತು. ಓಣಿಯಲ್ಲಿ ಮೂರು ದಿನದಿಂದ ಕರೆಂಟಿಲ್ಲ. ಬೆಳಗ್ಗೆ ಮಗಳನ್ನು ಹೆರಿಗೆ ವಾರ್ಡಿಗೆ ಸೇರಿಸಿದಾಗ ನರ್ಸಮ್ಮ, "ರಕ್ತ ಬೇಕಾಗ್ಬೋದು, ನಿಂದೂ ಅದೇ ಗುಂಪು. ಫೋನ್ ಮಾಡಿದ ತಕ್ಷಣ ಬಾ," ಎಂದಿದ್ದಳು. ರಜೆ ಕೇಳಿದ್ದಕ್ಕೆ ಮೇಸ್ತ್ರಿ, "ಹೆರೋಳು ನೀನಾ?" ಎಂದಿದ್ದ.

"ಸಾರ್, ಹತ್ತು ನಿಮಿಷ ನನ್ ಫೋನ್ ಚಾರ್ಜಿಗೆ ಹಾಕ್ಕೊಳ್ತೀನಿ."

"ನಿಮ್ಮಪ್ಪನ ಮನೆ ಕರೆಂಟಾ ಇದು?"

ಅವನು ಪರದೆ ದಾಟಿ ಹೋದ ಮೇಲೆ ಪಕ್ಕದ ಸೈಕಲ್ಲಿನ ಡುಮ್ಮಿ, "ಅಪ್ಪಂದಲ್ಲ ಕಣಕ್ಕ, ನಮ್ ತೊಡೇದು," ಎಂದಳು.

ಆ ಆರು ಜನರ ನಡುವೆ ಒಂದು ಒಪ್ಪಂದವಿತ್ತು. ಉಚ್ಚೆಗೆ ಹೋಗಬೇಕಾದವಳು ಎರಡು ಸಲ ಕೆಮ್ಮುವಳು. ಮಿಕ್ಕ ಐವರು ಜೋರಾಗಿ ತುಳಿದು ಮುಳ್ಳನ್ನು ಎತ್ತಿ ಹಿಡಿಯುವರು.

ಈಗ ಅಕ್ಕ ಎರಡು ಸಲ ಕೆಮ್ಮಿದಳು. ಆದರೆ ಕೆಳಗಿಳಿಯಲಿಲ್ಲ. ತನ್ನ ಸೈಕಲ್ಲಿನ ವೈರನ್ನು ಮೀಟರಿನಿಂದ ಕಿತ್ತು ಫೋನಿಗೆ ಸಿಕ್ಕಿಸಿ ತುಳಿಯತೊಡಗಿದಳು. ಐದು ಬೆನ್ನುಗಳು ಬಾಗಿದವು. ಮುಳ್ಳು ನಡುಗಿ ನಿಂತಿತು.

"ಬೇಗ ಅಕ್ಕಾ, ಮೊಣಕಾಲು ಕಳಚಿ ನಿನ್ ಮಡಿಲಿಗೆ ಬೀಳತ್ತೆ!" ಎಂದಳು ಡುಮ್ಮಿ.

ಫೋನು ಕಣ್ಣು ಬಿಡುವ ಮೊದಲೇ ಮೇಸ್ತ್ರಿ ಬಂದ. ವೈರು ಕಂಡಿತು. "ಕಳ್ಳ ಮುಂಡೆ! ಗಿರಾಕೀದು ಕದೀತೀಯಾ?" ಎಂದು ಅದನ್ನು ಎಳೆದು ಕಿತ್ತ.

ಡುಮ್ಮಿ ಪೆಡಲಿನಿಂದ ಕಾಲು ತೆಗೆದಳು. ಆಮೇಲೆ ಅವಳಾಚೆಯವಳು. ಸರಪಳಿಗಳ ಸದ್ದು ಒಂದೊಂದಾಗಿ ನಿಂತಿತು. ಮುಳ್ಳು ಸೊನ್ನೆಗೆ ಬಿತ್ತು.

"ಏನ್ರೀ, ಚಾರ್ಜೇ ಆಗ್ತಿಲ್ಲ!" ಆಚೆಯಿಂದ ಯಾರೋ ಕೂಗಿದರು.

"ತುಳೀರೇ, ಬೋಸುಡಿಗಳಾ!"

ಡುಮ್ಮಿ ಇಳಿದು ಬಂದು ಅವನ ಮುಷ್ಟಿಯಿಂದ ವೈರು ಬಿಡಿಸಿ ಅಕ್ಕನ ಫೋನಿಗೆ ಮತ್ತೆ ಸಿಕ್ಕಿಸಿದಳು. ಮಿಕ್ಕ ನಾಲ್ವರು ಆ ಒಂದು ಸೈಕಲ್ಲಿನ ಸುತ್ತ ಬಂದು ನಿಂತರು. ಗಿರಾಕಿಯೊಬ್ಬ ಪರದೆ ಸರಿಸಿ ಇಣುಕಿದ. ವಾಸನೆಗೆ ಮೂಗು ಮುಚ್ಚಿಕೊಂಡ.

ಅಕ್ಕ ತುಳಿದಳು. ಮೇಸ್ತ್ರಿಯ ಬೈಗುಳ ಆ ನಾಲ್ಕು ಬೆನ್ನುಗಳ ಆಚೆಯೇ ಉಳಿಯಿತು. ಕಡೆಗೆ ಫೋನು ಬೆಳಗಿತು. ಹನ್ನೊಂದು ಮಿಸ್ಡ್ ಕಾಲಿನ ಮೆಸೇಜು, ಎಲ್ಲವೂ ಆಸ್ಪತ್ರೆಯ ನಂಬರಿನವು.

ಆ ನಂಬರು ಒತ್ತಿ, ವೈರು ಸಮೇತ ಕಿವಿಗಿಟ್ಟುಕೊಂಡಳು. ಕಾಲು ನಿಲ್ಲಿಸಲಿಲ್ಲ. ಆ ತುದಿಯಲ್ಲಿ ಗಂಟೆ ಬಡಿದುಕೊಳ್ಳುತ್ತಲೇ ಇತ್ತು.